1969ರ ಕಮಾರೊ ಒಳಾಂಗಣಕ್ಕೆ ಆ ಕಾಲದ್ದೇ ಬಿಡಿಭಾಗ ಹುಡುಕುವುದು ಹೇಗೆ? ಒಂದು ಸಮಗ್ರ ಮಾರ್ಗದರ್ಶಿ

ಹರಿದ ಸೀಟ್ ಕವರ್, ಬಿರುಕು ಬಿಟ್ಟ ಡ್ಯಾಶ್ ಪ್ಯಾಡ್, ಇಲಿ ಕಡಿದ ಕಾರ್ಪೆಟ್. ಹಳೆಯ ಕಾರು ಮನೆಗೆ ಬಂದ ದಿನ ಇದನ್ನೆಲ್ಲ ಕಿತ್ತು ಎಸೆಯೋಣ ಅಂತ ಕೈ ತುರಿಸುತ್ತದೆ. ದಯವಿಟ್ಟು ಎಸೆಯಬೇಡಿ. ಮಿಷಿಗನ್‌ನ ನಮ್ಮ ಗ್ಯಾರೇಜಿಗೆ ಅಮೆರಿಕದ ಹಳೆಯ ಸ್ಪೋರ್ಟ್ಸ್ ಕಾರು, 1969ರ ಷೆವರ್ಲೆ ಕಮಾರೊ, ಬಂದ ಮೊದಲ ವಾರವೇ ಹಿಂದಿನ ಸೀಟಿನ ಹೊದಿಕೆಯನ್ನು ನಾನು ಚೀಲಕ್ಕೆ ತುಂಬಿ ಕಸಕ್ಕೆ ಹಾಕಿದೆ. ಎರಡು ತಿಂಗಳ ನಂತರ ಹೊಸ ಕವರ್ ಬಂತು. ಮುಂದಿನ ಸೀಟಿನ ಹೊಲಿಗೆ ಗೆರೆಗೂ ಅದಕ್ಕೂ ಹೊಂದಲಿಲ್ಲ. ತಪ್ಪು ಯಾವುದರಲ್ಲಿದೆ ಅಂತ ಅಳೆದು ನೋಡಲು ಹಳೆಯದು ಕೈಯಲ್ಲಿ ಇರಲಿಲ್ಲ. ಅಂಗಡಿಯವರ ಹತ್ತಿರ ವಾದ ಮಾಡಲು ಆಧಾರವೂ ಇರಲಿಲ್ಲ.

ಅದಕ್ಕೇ ಮೊದಲು ಈ ಮಾತು ಹೇಳುತ್ತಿದ್ದೇನೆ. ಎಷ್ಟೇ ಹಾಳಾಗಿದ್ದರೂ ಹಳೆಯ ತುಂಡಿಗಿಂತ ಒಳ್ಳೆಯ ಕ್ಯಾಟಲಾಗ್ ಇಲ್ಲ. ಹೊಸದು ಕೂತು, ಬಾಗಿಲು ಹಾಕಿ, ಒಂದು ಸುತ್ತು ಓಡಿಸಿ ಬರುವ ತನಕ ಅದು ಗ್ಯಾರೇಜಿನಲ್ಲೇ ಇರಲಿ.

ಉದಾಹರಣೆಗೆ 1969ರ ಕಮಾರೊವನ್ನೇ ತೆಗೆದುಕೊಳ್ಳುತ್ತೇನೆ. ಆ ಮಾದರಿ ವರ್ಷದಲ್ಲಿ 2,43,085 ಕಾರು ತಯಾರಾದವು. ಹಾಗಾಗಿ ಪಾರ್ಟ್ಸ್ ಬೇಕಾದಷ್ಟು ಸಿಗುತ್ತವೆ. ತಪ್ಪು ಪಾರ್ಟ್ಸ್ ಇನ್ನೂ ಜಾಸ್ತಿ ಸಿಗುತ್ತವೆ! ನಿಮ್ಮದು ಮಸ್ಟಾಂಗ್, ಜಿಟಿಓ ಅಥವಾ ಚಾಲೆಂಜರ್‌ನಂಥ ಅದೇ ಕಾಲದ ಬೇರೆ ಅಮೆರಿಕನ್ ಕಾರು ಆದರೂ ದಾರಿ ಇದೇ, ಗುರುತಿನ ಸಂಖ್ಯೆಗಳು ಮಾತ್ರ ಬೇರೆ.

ಮೊದಲು ತೀರ್ಮಾನಿಸಿ: ಆ ಕಾಲದ್ದೋ, ಆ ಕಾರಿನದ್ದೋ?

ಇವೆರಡೂ ಒಂದೇ ಅಲ್ಲ. ನಿಮ್ಮ ಕಾರು ಕಾರ್ಖಾನೆಯಿಂದ ಕಪ್ಪು ವಿನೈಲ್ ಸೀಟಿನ ಜೊತೆ, ಕನ್ಸೋಲ್ (ಮುಂದಿನ ಎರಡು ಸೀಟಿನ ನಡುವಿನ ಪೆಟ್ಟಿಗೆ) ಇಲ್ಲದೆ ಹೊರಬಿದ್ದಿದ್ದರೆ ಅದು ಆ ಕಾರಿನ ಚರಿತ್ರೆ. ಅದಕ್ಕೆ 1969ರಲ್ಲಿ ಮಾರುತ್ತಿದ್ದ ಕನ್ಸೋಲ್ ಹಾಕಿದರೆ ಕಾಲಕ್ಕೆ ಸರಿ, ಆ ಕಾರಿಗೆ ಸರಿಯಲ್ಲ. ದಿನಾ ಓಡಿಸಿ ಖುಷಿಪಡುವವರಿಗೆ ಕಾಲಕ್ಕೆ ಸರಿ ಇದ್ದರೆ ಸಾಕು. ಪ್ರದರ್ಶನದಲ್ಲಿ ತೀರ್ಪುಗಾರರ ಮುಂದೆ ನಿಲ್ಲಿಸುವವರಿಗೆ ಆ ಕಾರಿಗೇ ಸರಿಯಾದದ್ದು ಬೇಕು. ಖರ್ಚು, ಸಮಯ ಎರಡೂ ಈ ತೀರ್ಮಾನದ ಮೇಲೆ ನಿಂತಿವೆ. ನನ್ನ ಮಟ್ಟಿಗೆ, ಕಾರ್ಖಾನೆಯಿಂದ ಬಂದ ಸಾದಾ ಒಳಾಂಗಣವನ್ನು ಸಾದಾ ಆಗಿಯೇ ಉಳಿಸುವುದು ಚೆನ್ನ. ಡಿಲಕ್ಸ್ ಮಾಡಿದ ಕಾರುಗಳು ಎಲ್ಲೆಲ್ಲೂ ಇವೆ. ಸಾದಾ ಆಗಿ ಉಳಿದದ್ದು ಕಡಿಮೆಯಾಗುತ್ತಿದೆ.

ಹೆಜ್ಜೆ 1: ಕಾರಿನ ಜಾತಕ ಓದಿ

ಬಾನೆಟ್ ಎತ್ತಿ. ಎಂಜಿನ್ ಮತ್ತು ಕ್ಯಾಬಿನ್ ನಡುವಿನ ತಗಡಿನ ಗೋಡೆಯ ಮೇಲೆ, ಡ್ರೈವರ್ ಬದಿಯಲ್ಲಿ, ರಿವೆಟ್ ಹೊಡೆದ ಒಂದು ಚಿಕ್ಕ ತಗಡು ಇರುತ್ತದೆ. ಇದೇ ಟ್ರಿಮ್ ಟ್ಯಾಗ್. ಬಾಡಿ ಕಟ್ಟಿದ ಫಿಷರ್ ಬಾಡಿಯವರು ಹಾಕಿದ್ದು. ಅದರಲ್ಲಿ ಟಿಆರ್ ಅಂತ ಇರುವ ಜಾಗದ ಮುಂದಿನ ಮೂರಂಕಿಯೇ ನಿಮಗೆ ಬೇಕಾದ ಒಳಾಂಗಣದ ಗುರುತು. 711 ಅಂದರೆ ಕಪ್ಪು ಸಾದಾ ವಿನೈಲ್. 712 ಅಂದರೆ ಕಪ್ಪು ಕಸ್ಟಮ್, ಅಂದರೆ ಡಿಲಕ್ಸ್. 713 ಅಂದರೆ ಕಪ್ಪು ಹೌಂಡ್ಸ್‌ಟೂತ್, ಅಂದರೆ ಹಲ್ಲುಹಲ್ಲಾದ ಚೌಕುಳಿ ಬಟ್ಟೆ. 720 ಇದ್ದರೆ ಕಿತ್ತಳೆ ಬಣ್ಣದ ಹೌಂಡ್ಸ್‌ಟೂತ್. ಆ ವರ್ಷದ ಇಂಡಿಯಾನಾಪೊಲಿಸ್ ರೇಸಿನ ಪೇಸ್ ಕಾರಿನಲ್ಲಿ, ಅಂದರೆ ರೇಸ್ ಕಾರುಗಳ ಮುಂದೆ ಓಡುವ ಕಾರಿನಲ್ಲಿ, ಕಂಡ ಬಟ್ಟೆ ಅದು.

ಅದೇ ಟ್ಯಾಗಿನಲ್ಲಿ ತಯಾರಾದ ತಿಂಗಳು, ವಾರ ಇರುತ್ತದೆ. 03ಸಿ ಅಂದರೆ ಮಾರ್ಚ್ ತಿಂಗಳ ಮೂರನೇ ವಾರ. ಇಲ್ಲಿ ಒಂದು ತೊಡಕಿದೆ. ಮುಂದಿನ ಮಾದರಿ ತಡವಾದ್ದರಿಂದ 1969ರ ಕಮಾರೊ ತಯಾರಿಕೆ ಒಂದು ವರ್ಷಕ್ಕಿಂತ ಜಾಸ್ತಿ ನಡೆಯಿತು. ಹಾಗಾಗಿ ಟ್ಯಾಗಿನಲ್ಲಿ 09 ಅಥವಾ 10 ಇದ್ದರೆ ಅದು 1968ರ ಸೆಪ್ಟೆಂಬರ್, ಅಕ್ಟೋಬರ್ ಇರಬಹುದು, 1969ರದ್ದೂ ಇರಬಹುದು. ಅದನ್ನು ವಿಐಎನ್, ಅಂದರೆ ಪ್ರತಿ ಕಾರಿಗೂ ಇರುವ ಗುರುತಿನ ಸಂಖ್ಯೆ, ನೋಡಿ ಬಿಡಿಸಿಕೊಳ್ಳಬೇಕು. ಮುಂದಿನ ಗಾಜಿನ ಕೆಳಗೆ, ಡ್ಯಾಶಿನ ಮೇಲೆ, ಡ್ರೈವರ್ ಬದಿಗೆ ಅದು ಕಾಣುತ್ತದೆ. 124379ಎನ್ ಅಂತ ಶುರುವಾದರೆ ವಿ8 ಎಂಜಿನ್ನಿನ ಕೂಪೆ (ಎರಡು ಬಾಗಿಲಿನ, ಗಟ್ಟಿ ಚಾವಣಿಯ ಕಾರು), 1969ರ ಮಾದರಿ, ಒಹಾಯೊದ ನಾರ್ವುಡ್ ಕಾರ್ಖಾನೆಯದು. ಎನ್ ಬದಲು ಎಲ್ ಇದ್ದರೆ ಲಾಸ್ ಏಂಜಲೀಸಿನ ವ್ಯಾನ್ ನೈಸ್ ಕಾರ್ಖಾನೆಯದು. ಕ್ರಮಸಂಖ್ಯೆ 500001ರಿಂದ ಏರುತ್ತಾ ಹೋಗುತ್ತದೆ. ಸಣ್ಣ ಸಂಖ್ಯೆ ಇದ್ದರೆ ಮೊದಮೊದಲು ಬಂದ ಕಾರು.

ತಿಂಗಳು ಯಾಕೆ ಇಷ್ಟು ಮುಖ್ಯ? ಹೆಡ್‌ರೆಸ್ಟ್ ನೋಡಿ. ಅಮೆರಿಕದ ಸುರಕ್ಷಾ ನಿಯಮದ ಪ್ರಕಾರ 1969ರ ಜನವರಿ 1ರಿಂದ ತಯಾರಾದ ಕಾರುಗಳ ಮುಂದಿನ ಸೀಟಿಗೆ ಹೆಡ್‌ರೆಸ್ಟ್ ಕಡ್ಡಾಯವಾಯಿತು. ಅದಕ್ಕೆ ಮುಂಚೆ ಬೇಕು ಅಂದವರಿಗೆ ಮಾತ್ರ. ಅಂದರೆ 1968ರ ನವೆಂಬರಿನಲ್ಲಿ ತಯಾರಾದ "1969ರ ಕಮಾರೊ"ಗೆ ಹೆಡ್‌ರೆಸ್ಟ್ ಇಲ್ಲದ ಸೀಟೇ ಸರಿ ಇರಬಹುದು. ಕ್ಯಾಟಲಾಗಿನಲ್ಲಿ ಬರೀ "1969" ಅಂತ ನೋಡಿ ಕೊಂಡರೆ ಇಲ್ಲೇ ಎಡವುತ್ತೀರಿ. ಕಾರಿನ ವರ್ಷ ನೋಡಿ ಪಾರ್ಟ್ಸ್ ಕೊಳ್ಳಬೇಡಿ, ತಿಂಗಳು ನೋಡಿ ಕೊಳ್ಳಿ.

ಬೇರೆ ಕಾರಿದ್ದವರಿಗೆ ಚುಟುಕಾಗಿ ಹೇಳುತ್ತೇನೆ. 1967 ಮತ್ತು ಆಮೇಲಿನ ಫೋರ್ಡ್ ಆದರೆ ಮಾರ್ಟಿ ರಿಪೋರ್ಟ್ ತರಿಸಿ. ಫೋರ್ಡ್ ಕಂಪನಿಯ ತಯಾರಿಕಾ ದಾಖಲೆಯಿಂದಲೇ ಮಾಡಿದ್ದು ಅದು. ಪಾಂಟಿಯಾಕ್ ಜಿಟಿಓ ಆದರೆ ಪಿಎಚ್‌ಎಸ್ (ಪಾಂಟಿಯಾಕ್ ಹಿಸ್ಟಾರಿಕ್ ಸರ್ವಿಸಸ್) ಅವರು ಹಳೆಯ ಬಿಲ್ಲಿನ ಪ್ರತಿ ಕೊಡುತ್ತಾರೆ. ಡಾಡ್ಜ್, ಪ್ಲಿಮತ್ ಆದರೆ ಫೆಂಡರ್ ಟ್ಯಾಗ್, ಅಂದರೆ ಬಾನೆಟ್ ಕೆಳಗೆ ಮಡ್‌ಗಾರ್ಡಿನ ಒಳಬದಿಗೆ ಹಾಕಿದ ತಗಡು, ಓದಿ. ಉದಾಹರಣೆಗೆ 1970ರ ಚಾಲೆಂಜರಿನಲ್ಲಿ ಎಚ್6ಎಕ್ಸ್9 ಅಂತ ಇದ್ದರೆ ಕಪ್ಪು ವಿನೈಲ್ ಬಕೆಟ್ ಸೀಟು. ಅಮೆರಿಕದಲ್ಲಿ ಮಾರಿದ ಷೆವರ್ಲೆಗೆ ಇಂಥ ಸೌಲಭ್ಯ ಇಲ್ಲ. ಕೆನಡಾದಲ್ಲಿ ಮಾರಿದ ಕಾರಾದರೆ ಷೆವರ್ಲೆಯ ಮಾತೃಸಂಸ್ಥೆ ಜನರಲ್ ಮೋಟರ್ಸ್‌ನ ಅಲ್ಲಿನ ಶಾಖೆ ಜಿಎಂ ಕೆನಡಾದಿಂದ ದಾಖಲೆ ಪಡೆಯಬಹುದು. ಹಾಗಾಗಿ ಕಮಾರೊದವರಿಗೆ ಮುಂದಿನ ಹೆಜ್ಜೆ ಬಹಳ ಮುಖ್ಯ.

ಹೆಜ್ಜೆ 2: ಕಾರಿನೊಳಗೇ ಸಾಕ್ಷಿ ಹುಡುಕಿ

ಒಂದು ಸ್ಕ್ರೂ ಬಿಚ್ಚುವ ಮುಂಚೆ ಫೋಟೊ ತೆಗೆಯಿರಿ. ನೂರಾದರೂ ಆಗಲಿ, ಜಾಸ್ತಿಯಾಯಿತು ಅನ್ನಿಸುವುದಿಲ್ಲ. ಯಾವ ಸ್ಕ್ರೂ ಎಲ್ಲಿತ್ತು, ಸೀಟಿನ ಅಂಚಿನ ಪೈಪಿಂಗ್ ಯಾವ ಕಡೆ ತಿರುಗಿತ್ತು, ಬೆಲ್ಟಿನ ಬೋಲ್ಟ್ ಕೆಳಗೆ ವಾಷರ್ ಇತ್ತೋ ಇಲ್ಲವೋ, ಇದೆಲ್ಲ ಆಮೇಲೆ ಯಾರಿಗೂ ನೆನಪಿರುವುದಿಲ್ಲ.

ಆಮೇಲೆ ಹಿಂದಿನ ಸೀಟು ಎತ್ತಿ, ಸ್ಪ್ರಿಂಗಿನ ಸಂದಿಯಲ್ಲಿ ಕೈ ಹಾಕಿ ನೋಡಿ. ಕಾರ್ಖಾನೆಯ ಬಿಲ್ಡ್ ಶೀಟ್, ಅಂದರೆ ಆ ಕಾರಿಗೆ ಏನೇನು ಹಾಕಬೇಕು ಅಂತ ಬರೆದ ಕಾಗದ, ಕೆಲವು ಕಾರಿನಲ್ಲಿ ಅಲ್ಲೇ ಸಿಕ್ಕಿದೆ. ಕಾರ್ಪೆಟ್ ಕೆಳಗೂ ನೋಡಿ. ಕಾಗದ ಪುಡಿಯಾಗುವಷ್ಟು ಒಣಗಿರುತ್ತದೆ, ನಿಧಾನವಾಗಿ ತೆಗೆಯಿರಿ. ಮೊದಲ ಮಾಲೀಕರ ವಾರಂಟಿ ಪುಸ್ತಕ ಸಿಕ್ಕರೆ ಅದಕ್ಕೆ ಅಂಟಿಸಿದ ಚಿಕ್ಕ ಲೋಹದ ಫಲಕವನ್ನೂ ಜೋಪಾನ ಮಾಡಿ. ಅದನ್ನು ಪ್ರೊಟೆಕ್ಟ್-ಓ-ಪ್ಲೇಟ್ ಅನ್ನುತ್ತಾರೆ. ಎಂಜಿನ್, ಗೇರ್‌ಬಾಕ್ಸಿನ ಗುರುತು ಅದರಲ್ಲಿ ಅಚ್ಚಾಗಿರುತ್ತದೆ.

ಕಾಗದ ಸಿಗದಿದ್ದರೆ ತಗಡೇ ಮಾತಾಡುತ್ತದೆ. ನೆಲದಲ್ಲಿ ಕನ್ಸೋಲ್ ಕೂರಿಸುವ ಬ್ರಾಕೆಟ್ ಇದೆಯಾ? ಇದ್ದರೆ ಅದರ ವೆಲ್ಡಿಂಗ್ ಕಾರ್ಖಾನೆಯದೋ, ಯಾರೋ ಆಮೇಲೆ ಡ್ರಿಲ್ ಹೊಡೆದು ಸ್ಕ್ರೂ ಹಾಕಿದ್ದೋ? ಕಾರ್ಖಾನೆ ತೂತಿನ ಅಂಚಿನಲ್ಲಿ ಅಂದಿನ ಬಣ್ಣ ಇರುತ್ತದೆ. ಆಮೇಲೆ ಕೊರೆದ ತೂತಿನ ಅಂಚು ಬರೀ ಲೋಹ ಅಥವಾ ತುಕ್ಕು. ಡ್ಯಾಶಿನ ಹಿಂದಿನ ವೈರಿಂಗನ್ನೂ ನೋಡಿ. ಕಾರ್ಖಾನೆಯಿಂದ ಬಾರದ ಮೀಟರಿಗೆ ಯಾರೋ ಟೇಪ್ ಸುತ್ತಿ ವೈರ್ ಎಳೆದಿರುತ್ತಾರೆ.

ಇದೇ ಹೊತ್ತಿಗೆ ಅಂದಿನ ಬಣ್ಣವನ್ನೂ ಹಿಡಿದಿಡಿ. ಸೀಟಿನ ಅಡಿಗೆ ಮಡಚಿದ ವಿನೈಲ್, ಬಾಗಿಲಿನ ಪ್ಯಾನಲ್ಲಿನ ಹಿಂಬದಿಗೆ ತಿರುಗಿದ ಅಂಚು, ಬಾಗಿಲ ಹೊಸ್ತಿಲಿನ ಲೋಹದ ಪಟ್ಟಿ (ಸಿಲ್ ಪ್ಲೇಟ್) ಕೆಳಗಿನ ಕಾರ್ಪೆಟ್. ಇವು ಬಿಸಿಲು ಕಾಣದ ಜಾಗಗಳು. ಅಲ್ಲಿಂದ ಅಂಗೈಯಗಲ ತುಂಡು ಕತ್ತರಿಸಿ, ಹೆಸರು ಬರೆದು ಕವರಿನಲ್ಲಿ ಹಾಕಿಡಿ. ವಿನೈಲಿನ ಮೇಲಿನ ಗೀರು, ಅಂದರೆ ಗ್ರೇನ್, ಹಿಡಿಯಲು ಒಂದು ಸುಲಭ ದಾರಿ ಇದೆ. ಅದರ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲ್ ಮಲಗಿಸಿ ಉಜ್ಜಿ. ಚಿಕ್ಕವರಿದ್ದಾಗ ನಾಣ್ಯದ ಮೇಲೆ ಹೀಗೇ ಮಾಡುತ್ತಿದ್ದೆವು, ಅಲ್ವಾ? ಆ ಕಾಗದ ಜೇಬಿನಲ್ಲಿದ್ದರೆ ಯಾವ ಸಂತೆಯಲ್ಲಿ ಬೇಕಾದರೂ ಹೋಲಿಸಬಹುದು.

ಹೆಜ್ಜೆ 3: ಪಕ್ಕದ ವರ್ಷಗಳ ವ್ಯತ್ಯಾಸ ಬಾಯಿಪಾಠ ಮಾಡಿ

ಮೊದಲ ತಲೆಮಾರಿನ ಕಮಾರೊ ಮೂರು ವರ್ಷ ಬಂತು: 1967, 1968, 1969. ಮಾರುವವರು ಮೂರನ್ನೂ ಸೇರಿಸಿ "67ರಿಂದ 69" ಅಂತ ಬರೆಯುತ್ತಾರೆ. ಒಳಗೆ ಕೂತವರಿಗೆ ವ್ಯತ್ಯಾಸ ಗೊತ್ತು. 1967, 68ರ ಮೀಟರ್‌ಗಳು ಗುಂಡು. 1969ರದ್ದು ಚೌಕದ ಆಕಾರಕ್ಕೆ ಹತ್ತಿರ. ಮೊದಲ ಎರಡು ವರ್ಷ ಕೀ ಹಾಕುವ ಜಾಗ ಡ್ಯಾಶಿನಲ್ಲಿತ್ತು. 1969ಕ್ಕೆ ಅದು ಸ್ಟಿಯರಿಂಗ್ ಕಾಲಮ್ಮಿಗೆ ಬಂತು. ಹಾಗಾಗಿ 1968ರ ಕಾಲಮ್ ಎಷ್ಟೇ ಅಗ್ಗಕ್ಕೆ ಸಿಕ್ಕರೂ ನಿಮಗೆ ಬೇಡ.

ಅದೇ ಬಾಡಿಯ ಮೇಲೆ ಬಂದ ಪಾಂಟಿಯಾಕ್ ಫೈರ್‌ಬರ್ಡ್ ಇನ್ನೊಂದು ಮೂಲ. ಆದರೆ ಅದರ ಡ್ಯಾಶ್ ಪೂರ್ತಿ ಬೇರೆ. ಕಣ್ಣಿಗೆ ಕಾಣದ ಲೋಹದ ಭಾಗಗಳಿಗೆ ಮಾತ್ರ ಅದರ ಕಡೆ ನೋಡಿ, ಅದೂ ಅಳತೆ ಹಿಡಿದು.

ಇನ್ನು ಆಯ್ಕೆಯ ಪ್ಯಾಕೇಜುಗಳು. ಜಡ್87 ಅನ್ನುವ ಕಸ್ಟಮ್ ಒಳಾಂಗಣದಲ್ಲಿ ಅಚ್ಚಿನಿಂದ ಮಾಡಿದ ಬಾಗಿಲ ಪ್ಯಾನಲ್, ಮರದ ಬಣ್ಣದ ಅಲಂಕಾರ, ಗ್ಲೋವ್ ಬಾಕ್ಸ್ ಮೇಲೆ ಹಿಡಿಕೆ, ಪೆಡಲ್ಲಿಗೆ ಹೊಳೆಯುವ ಅಂಚು ಬರುತ್ತಿತ್ತು. ಇವು ಒಟ್ಟಿಗೇ ಬರುತ್ತಿದ್ದ ಸಾಮಾನು. ಹಿಡಿಕೆ ಮಾತ್ರ ತಂದು ಸಾದಾ ಡ್ಯಾಶಿಗೆ ಹಾಕಿದರೆ ಗೊತ್ತಿದ್ದವರ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ. ಯು17 ಅನ್ನುವುದು ವಿಶೇಷ ಮೀಟರ್‌ಗಳ ಗುಂಪು. ಅದರಲ್ಲಿ ಕನ್ಸೋಲ್ ಮೇಲೆ ನಾಲ್ಕು ಚಿಕ್ಕ ಮೀಟರ್ ಇದ್ದವು. ಪೆಟ್ರೋಲ್ ಮೀಟರ್ ಅಲ್ಲಿಗೆ ಹೋಗಿ, ಅದರ ಹಳೆಯ ಜಾಗಕ್ಕೆ, ಡ್ಯಾಶಿನ ಬಲಗಡೆಗೆ, ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿದೆ ಅಂತ ತೋರಿಸುವ ಟ್ಯಾಕೋಮೀಟರ್ ಬಂತು. ಆ ಟ್ಯಾಕೋಮೀಟರಿನ ಕೆಂಪು ಗೆರೆ ಎಂಜಿನ್ನಿಗೆ ತಕ್ಕಂತೆ ಬೇರೆಬೇರೆ. ಕಮಾರೊದ ರೇಸ್ ಮಾದರಿ ಜಡ್/28ರದ್ದು 6000ದಲ್ಲಿ ಶುರು. ಮಾಮೂಲಿ 327 (ಘನ ಇಂಚು) ಎಂಜಿನ್ನಿನ ಕಾರಿಗೆ ಅದನ್ನು ಹಾಕಿದರೆ ಆ ಒಂದು ಗೆರೆಯೇ ಗುಟ್ಟು ಬಿಟ್ಟುಕೊಡುತ್ತದೆ.

ಪುಸ್ತಕಗಳಲ್ಲಿ ಎರಡು ಬೇಕೇ ಬೇಕು: ಷೆವರ್ಲೆಯ ಫ್ಯಾಕ್ಟರಿ ಅಸೆಂಬ್ಲಿ ಮ್ಯಾನ್ಯುಯಲ್ ಮತ್ತು ಫಿಷರ್ ಬಾಡಿ ಸರ್ವಿಸ್ ಮ್ಯಾನ್ಯುಯಲ್. ಮರುಮುದ್ರಣ ಸುಲಭವಾಗಿ ಸಿಗುತ್ತದೆ. ಇನ್ನೊಂದು ಪಾಠಶಾಲೆ ಅಂದರೆ ಯಾರೂ ಕೈ ಹಾಕದ ಹಳೆಯ ಕಾರು. ಪ್ರತಿ ನವೆಂಬರಿನಲ್ಲಿ ಶಿಕಾಗೊ ಪಕ್ಕದ ರೋಸ್‌ಮಾಂಟಿನಲ್ಲಿ ಮಸಲ್ ಕಾರ್ ಅಂಡ್ ಕಾರ್ವೆಟ್ ನ್ಯಾಷನಲ್ಸ್ ನಡೆಯುತ್ತದೆ. ಅಲ್ಲಿ ರಿಪೇರಿ ಕಾಣದ ಕಾರುಗಳ ಪಕ್ಕ ಅರ್ಧ ದಿನ ನಿಲ್ಲಿ. ಮಾಲೀಕರನ್ನು ಕೇಳಿ ಫೋಟೊ ತೆಗೆಯಿರಿ. ಮಿರಿಮಿರಿ ಹೊಳೆಯುವ ಕಾರಿಗಿಂತ ಸ್ವಲ್ಪ ಮಾಸಿದ ಅಂಥ ಕಾರೇ ನಿಮಗೆ ಹೆಚ್ಚು ಹೇಳಿಕೊಡುತ್ತದೆ.

ಹೆಜ್ಜೆ 4: ಉಳಿಸುವುದು, ಹಳೆಯದು ಕೊಳ್ಳುವುದು, ಹೊಸ ಅಚ್ಚು ಕೊಳ್ಳುವುದು

ಮಾರುಕಟ್ಟೆಯಲ್ಲಿ ಮೂರು ಬಗೆಯ ಸರಕಿದೆ. ಅಂದೇ ತಯಾರಾಗಿ, ಮಾರಾಟವಾಗದೆ, ಡಬ್ಬಿಯಲ್ಲೇ ಉಳಿದದ್ದು ಎನ್‌ಒಎಸ್ (ನ್ಯೂ ಓಲ್ಡ್ ಸ್ಟಾಕ್). ಬೇರೆ ಕಾರಿನಿಂದ ಬಿಚ್ಚಿದ್ದು ಹಳೆಯ ಅಸಲಿ. ಇವತ್ತು ಅದೇ ರೂಪದಲ್ಲಿ ಮಾಡಿದ್ದು ರಿಪ್ರೊ.

ಎನ್‌ಒಎಸ್ ಅಂದ ಕೂಡಲೇ ಮರುಳಾಗಬೇಡಿ. ಐವತ್ತು ವರ್ಷ ಡಬ್ಬಿಯಲ್ಲಿದ್ದ ಡ್ಯಾಶ್ ಪ್ಯಾಡಿನ ಫೋಮ್ ಗಟ್ಟಿಯಾಗಿ, ವಿನೈಲ್ ಕುಗ್ಗಿರಬಹುದು. ಲೋಹದ ಟ್ರಿಮ್, ಗುಬುಟು, ಮೀಟರ್ ಲೆನ್ಸ್ ಇಂಥವಕ್ಕೆ ಎನ್‌ಒಎಸ್ ಒಳ್ಳೆಯದು. ಮೆತ್ತನೆಯ ಸಾಮಾನಿಗೆ ಅಲ್ಲ. ಡಬ್ಬಿಯ ಮೇಲಿನ ಜಿಎಂ ಪಾರ್ಟ್ ನಂಬರನ್ನು ಹಳೆಯ ಪಾರ್ಟ್ಸ್ ಕ್ಯಾಟಲಾಗಿನ ಜೊತೆ ಹೋಲಿಸಿ. ಡಬ್ಬಿ ಒಂದರದ್ದು, ಒಳಗಿನ ಸಾಮಾನು ಇನ್ನೊಂದರದ್ದು ಆಗಿರುವುದೂ ಉಂಟು. ತೆರೆದು ನೋಡದೆ ದುಡ್ಡು ಕೊಡಬೇಡಿ.

ರಿಪ್ರೊ ಮೇಲೆ "ಜಿಎಂ ರೆಸ್ಟೊರೇಷನ್ ಪಾರ್ಟ್ಸ್" ಗುರುತು ಇದ್ದರೆ ಕಂಪನಿಯ ಪರವಾನಗಿ ಇದೆ ಅಂತ ಅರ್ಥ. ಅದು ಒಳ್ಳೆಯ ಲಕ್ಷಣ. ಆದರೂ ನಿಮ್ಮ ತುಂಡಿನ ಜೊತೆ ಹೋಲಿಸುವ ಕೆಲಸ ತಪ್ಪುವುದಿಲ್ಲ.

ನನ್ನ ಲೆಕ್ಕ ಹೀಗಿದೆ. ಸೀಟ್ ಕವರ್, ಫೋಮ್, ಕಾರ್ಪೆಟ್, ಹೆಡ್‌ಲೈನರ್ (ಚಾವಣಿಯ ಒಳಹೊದಿಕೆ) ರಿಪ್ರೊ ಆಗಲಿ. ಸೀಟಿನ ಫ್ರೇಮ್, ಹಿಡಿಕೆ, ಮೀಟರ್, ರೇಡಿಯೊ, ಸ್ಟಿಯರಿಂಗ್ ಚಕ್ರ, ಕನ್ಸೋಲ್ ಅಸಲಿಯೇ ಇರಲಿ, ರಿಪೇರಿ ಮಾಡಿಸಿ ಉಳಿಸಿ. ಡ್ಯಾಶ್ ಪ್ಯಾಡ್ ಎರಡರ ನಡುವೆ ಬರುತ್ತದೆ. ಹಳೆಯ ಚೌಕಟ್ಟಿನ ಮೇಲೆ ಹೊಸ ವಿನೈಲ್ ಹಾಕಿಕೊಡುವ ಅಂಗಡಿಗಳಿವೆ. ಖರ್ಚು ಜಾಸ್ತಿ, ಆದರೆ ತುದಿಗಳು ಸರಿಯಾಗಿ ಕೂರುತ್ತವೆ.

ಹೆಜ್ಜೆ 5: ಎಲ್ಲಿ ಹುಡುಕಬೇಕು

ಬೆಂಗಳೂರಿನಲ್ಲಿ ಜೆ.ಸಿ. ರೋಡು, ಶಿವಾಜಿನಗರದ ಗುಜರಿ ಸುತ್ತಿದವರಿಗೆ ಈ ಕೆಲಸ ಹೊಸದಲ್ಲ. ಅಮೆರಿಕದಲ್ಲಿ ಇಂಥ ಹಳೆಯ ಸಾಮಾನಿನ ಸಂತೆಗೆ ಸ್ವಾಪ್ ಮೀಟ್ ಅನ್ನುತ್ತಾರೆ. ಪೆನ್ಸಿಲ್ವೇನಿಯಾದ ಕಾರ್ಲೈಲಿನಲ್ಲಿ ವಸಂತಕ್ಕೊಂದು, ಶರತ್ಕಾಲಕ್ಕೊಂದು ದೊಡ್ಡ ಸಂತೆ ಸೇರುತ್ತದೆ. ಅಕ್ಟೋಬರಿನಲ್ಲಿ ಹತ್ತಿರದ ಹರ್ಷಿಯಲ್ಲಿ ಇನ್ನೊಂದು. ಕ್ಯಾಲಿಫೋರ್ನಿಯಾದವರಿಗೆ ಪೊಮೋನಾ ಇದೆ. ಬೆಳಗಿನ ಜಾವ ಟಾರ್ಚ್ ಹಿಡಿದು ಹೋಗಿ. ಒಳ್ಳೆಯ ಸಾಮಾನು ಬಿಸಿಲೇರುವ ಮುಂಚೆಯೇ ಕೈ ಬದಲಾಯಿಸಿರುತ್ತದೆ. ಸಂಜೆ ಹೋದರೆ ಚೌಕಾಸಿ ಸುಲಭ, ಆಯ್ಕೆ ಕಡಿಮೆ.

ಗುಜರಿ ಅಂಗಳದಿಂದ ತರಿಸುವಾಗ ಊರಿನ ಹವೆ ನೆನಪಿರಲಿ. ಅರಿಜೋನಾದ ಒಣ ಬಿಸಿಲಿನಲ್ಲಿ ತಗಡು ತುಕ್ಕು ಹಿಡಿಯುವುದಿಲ್ಲ, ಆದರೆ ಪ್ಲಾಸ್ಟಿಕ್ಕು, ವಿನೈಲು ಸುಟ್ಟು ಬಿರಿಯುತ್ತದೆ. ನಮ್ಮ ಮಿಷಿಗನ್, ಒಹಾಯೊ ಕಡೆ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಹಾಕುತ್ತಾರೆ. ಇಲ್ಲಿ ನೆಲದ ತಗಡು, ಸೀಟಿನ ಹಳಿ ತಿಂದುಹೋಗಿರುತ್ತವೆ, ಕನ್ಸೋಲ್ ಮಾತ್ರ ಚೆನ್ನಾಗಿರುತ್ತದೆ. ಹಾಗಾಗಿ ಸೀಟಿನ ಫ್ರೇಮನ್ನು ಮರುಭೂಮಿಯಿಂದ, ಪ್ಲಾಸ್ಟಿಕ್ಕನ್ನು ಚಳಿಯ ಊರಿನಿಂದ ತರಿಸಿ. ಈ ಒಂದು ಲೆಕ್ಕ ನನಗೆ ಬಹಳ ದುಡ್ಡು ಉಳಿಸಿದೆ.

ಇಂಟರ್ನೆಟ್ಟಿನಲ್ಲಿ ಕೊಳ್ಳುವಾಗ ಮೂರು ಫೋಟೊ ಕೇಳಿ: ಹಿಂಬದಿ, ಅಚ್ಚಿನ ನಂಬರ್, ಅಳತೆಪಟ್ಟಿ ಇಟ್ಟ ಒಂದು. ಕೊಡಲು ಹಿಂದೆಮುಂದೆ ನೋಡುವವರ ಹತ್ತಿರ ಕೊಳ್ಳಬೇಡಿ. ನಾನು ಒಮ್ಮೆ ಮುಂಬದಿಯ ಫೋಟೊ ನೋಡಿ ಕನ್ಸೋಲ್ ತರಿಸಿದೆ. ಹಿಂಬದಿಯ ಕೂರಿಸುವ ಕಿವಿಗಳು ಎರಡೂ ಮುರಿದಿದ್ದವು, ಮಾರಿದವರು ವಾಪಸ್ ತೆಗೆದುಕೊಳ್ಳಲಿಲ್ಲ.

ಕ್ಲಬ್ಬಿನ ಹಿರಿಯರನ್ನು ಮರೆಯಬೇಡಿ. ನಲವತ್ತು ವರ್ಷದಿಂದ ಒಂದೇ ಮಾದರಿ ಸಾಕಿದವರ ನೆಲಮಾಳಿಗೆಯಲ್ಲಿ ಏನೇನೋ ಇರುತ್ತದೆ. ಸುಮ್ನೆ "ಏನಾದರೂ ಇದೆಯಾ" ಅಂತ ಕೇಳಬೇಡಿ. ನಂಬರ್, ಬಣ್ಣ, ತಿಂಗಳು ಬರೆದ ಚೀಟಿ ಕೊಡಿ. ಆರು ತಿಂಗಳ ಮೇಲೆ ಫೋನ್ ಬರುತ್ತದೆ.

ಹೆಜ್ಜೆ 6: ಒಂದೊಂದು ಭಾಗಕ್ಕೂ ಒಂದೊಂದು ಪರೀಕ್ಷೆ

ಸೀಟ್ ಕವರ್, ಬಾಗಿಲ ಪ್ಯಾನಲ್ ಎರಡನ್ನೂ ಒಬ್ಬರೇ ತಯಾರಕರಿಂದ, ಒಂದೇ ಸಲ ತರಿಸಿ. ಬೇರೆ ಕಂತಿನ ವಿನೈಲ್ ಬಣ್ಣ ಒಂದು ಕೂದಲಷ್ಟು ಬೇರೆಯಾದರೂ ಬಿಸಿಲಿನಲ್ಲಿ ಎದ್ದು ಕಾಣುತ್ತದೆ. ಹೌಂಡ್ಸ್‌ಟೂತ್ ಆದರೆ ಒಂದು ಇಂಚಿನಲ್ಲಿ ಎಷ್ಟು ಚೌಕ ಅಂತ ಹಳೆಯದರಲ್ಲಿ ಎಣಿಸಿ, ಹೊಸದರಲ್ಲೂ ಎಣಿಸಿ. ಕವರನ್ನು ಸೀಟಿನ ಮೇಲೆ ಸುಮ್ಮನೆ ಹೊದಿಸಿ, ಹೊಲಿಗೆ ಗೆರೆ ಎಲ್ಲಿ ಬೀಳುತ್ತದೆ ನೋಡಿ. ಕವರನ್ನು ಫ್ರೇಮಿಗೆ ಬಿಗಿಯುವ ಲೋಹದ ಉಂಗುರ, ಹಾಗ್ ರಿಂಗ್, ಒಂದು ಒತ್ತಿದರೂ, ಅಂಚು ಒಂದು ಕತ್ತರಿಸಿದರೂ ಆಮೇಲೆ ಯಾರೂ ವಾಪಸ್ ತೆಗೆದುಕೊಳ್ಳುವುದಿಲ್ಲ.

ಕಾರ್ಪೆಟ್ಟಿನಲ್ಲಿ ಕೇಳಬೇಕಾದ ಪದ "80/20 ಲೂಪ್". 1970ರ ದಶಕದ ಮೊದಲ ವರ್ಷಗಳವರೆಗೆ ಅಮೆರಿಕದ ಕಾರುಗಳಲ್ಲಿ ಇದ್ದದ್ದು ಕುಣಿಕೆಕುಣಿಕೆಯಾದ ಈ ನೇಯ್ಗೆ. ಕತ್ತರಿಸಿದ ನೂಲಿನ ಮೆತ್ತನೆಯ ಕಟ್ ಪೈಲ್ ಆಮೇಲೆ ಬಂದದ್ದು. ಅದು ಮುಟ್ಟಲು ಹಿತ, ಆದರೆ 1969ಕ್ಕೆ ತಪ್ಪು.

ಸೀಟ್ ಬೆಲ್ಟನ್ನು ಎಲ್ಲರೂ ಮರೆಯುತ್ತಾರೆ. ಪಟ್ಟಿಗೆ ಹೊಲಿದ ಬಟ್ಟೆಯ ಚೀಟಿಯಲ್ಲಿ ತಯಾರಿಕೆಯ ದಿನಾಂಕದ ಗುರುತು ಇರುತ್ತದೆ. ಅದು ಕಾರಿನ ತಿಂಗಳಿಗಿಂತ ಸ್ವಲ್ಪ ಹಿಂದಿನದಾಗಿರಬೇಕು, ಮುಂದಿನದು ಆಗಲೇಬಾರದು. 1968ರ ಜನವರಿಯಿಂದ ಕೂಪೆಗಳ ಮುಂದಿನ ಸೀಟಿಗೆ ಭುಜದ ಬೆಲ್ಟೂ ಬಂತು, ಅದನ್ನು ಬಿಟ್ಟು ಕೊಳ್ಳಬೇಡಿ. ಐವತ್ತು ವರ್ಷದ ಪಟ್ಟಿಯನ್ನು ನಂಬಿ ಮಾತ್ರ ಓಡಿಸಬೇಡಿ. ಹಳೆಯ ಬಕಲ್ ಉಳಿಸಿ ಹೊಸ ಪಟ್ಟಿ ಹಾಕಿಕೊಡುವವರಿದ್ದಾರೆ. ಮನೆ ಮಕ್ಕಳು ಕೂರುವ ಕಾರು, ಇಲ್ಲಿ ಜಿಪುಣತನ ಬೇಡ.

ರೇಡಿಯೊ ಡೆಲ್ಕೊ, ಅಂದರೆ ಜಿಎಂನದೇ ಬ್ರಾಂಡ್, ಆಗಿರಬೇಕು. ಎಂಪಿ3 ಪ್ಲೇಯರ್ ಹಾಕಲು ಡ್ಯಾಶ್ ಕೊರೆಯಬೇಡಿ. ಹಳೆಯ ಮುಖ, ಹಳೆಯ ಗುಬುಟು ಹಾಗೇ ಇಟ್ಟು ಒಳಗಿನ ಯಂತ್ರ ಮಾತ್ರ ಬದಲಾಯಿಸಬಹುದು. ಬೇಕೆನಿಸಿದ ದಿನ ಹಿಂದಕ್ಕೆ ಹೋಗಬಹುದು.

ಬಣ್ಣ ಹಚ್ಚುವ ಲೋಹದ ಭಾಗಗಳಲ್ಲಿ ಹೊಳಪು ನೋಡಿಕೊಳ್ಳಿ. ಡ್ಯಾಶಿನ ಮೇಲ್ಭಾಗದ ಹೊಳಪು ಬಹಳ ಕಡಿಮೆ ಇರಬೇಕು, ಬಿಸಿಲು ಗಾಜಿಗೆ ಹೊಡೆಯಬಾರದು ಅಂತ ಹಾಗೆ ಮಾಡಿದ್ದರು. ಮಿರುಗುವ ಕಪ್ಪು ಹಚ್ಚಿದ ಡ್ಯಾಶ್ ಎಲ್ಲ ಶ್ರಮವನ್ನೂ ಹಾಳು ಮಾಡುತ್ತದೆ.

ಹೆಜ್ಜೆ 7: ಜೋಡಿಸುವ ಕ್ರಮಕ್ಕೆ ತಕ್ಕಂತೆ ಕೊಳ್ಳಿ

ಹೆಡ್‌ಲೈನರ್ ಮೊದಲು ತರಿಸಿ. ಅದನ್ನು ಹಾಕಲು ಮುಂದಿನ, ಹಿಂದಿನ ಗಾಜು ತೆಗೆದಿರಬೇಕು. ಗಾಜು ಕೂರಿಸಿದ ಮೇಲೆ ನೆನಪಾದರೆ ಎರಡು ಸಲ ಖರ್ಚು. ಅದನ್ನು ಹಿಡಿಯುವ ಕಂಬಿಗಳು ಒಂದೊಂದೂ ಬೇರೆ ಬಾಗು. ಮುಂದಿನಿಂದ ಹಿಂದಕ್ಕೆ ನಂಬರ್ ಅಂಟಿಸಿ ಇಡಿ. ಆಮೇಲೆ ವೈರಿಂಗ್, ಡ್ಯಾಶ್, ಮೀಟರ್. ಆಮೇಲೆ ಕಾರ್ಪೆಟ್. ಅದನ್ನು ಎರಡು ದಿನ ಬಿಸಿಲಿನಲ್ಲಿ ಹರಡಿದರೆ ಮಡಿಕೆ ಬಿಡುತ್ತದೆ. ತೂತುಗಳನ್ನು ಕೆಳಗಿನಿಂದ ಗುರುತು ಮಾಡಿ, ಚಿಕ್ಕದಾಗಿ ಕತ್ತರಿಸಿ. ಬೆಲ್ಟ್, ಕನ್ಸೋಲ್, ಬಾಗಿಲ ಪ್ಯಾನಲ್, ಕೊನೆಗೆ ಸೀಟು.

ಎಲ್ಲ ಕೂತ ಮೇಲೆ ಹಳೆಯ ತುಂಡುಗಳನ್ನು ಒಂದು ಡಬ್ಬಿಗೆ ಹಾಕಿ. ಮೇಲೆ ವಿಐಎನ್, ಟಿಆರ್ ನಂಬರ್, ಯಾವುದನ್ನು ಯಾವಾಗ ಬದಲಾಯಿಸಿದಿರಿ ಅಂತ ಬರೆಯಿರಿ. ಬಿಲ್ಲು, ಫೋಟೊ ಅದರ ಜೊತೆಗೇ ಇರಲಿ. ಕಾರು ಮುಂದೆ ಯಾರ ಕೈಗೆ ಹೋದರೂ ಆ ಡಬ್ಬಿಯನ್ನೂ ಜೊತೆಗೆ ಕೊಡಿ.